ಚೆರ್ನೋಬಿಲ್ ಕಮಾನಿಗೆ ಬಿದ್ದ ತೂತು: ತಗಡು ಹೊಡೆದು ಮುಚ್ಚಲು ಯಾಕೆ ಆಗುವುದಿಲ್ಲ?

ತಿಪಟೂರು ಮೇಷ್ಟ್ರು ಕೇಳಿದ್ದು:

ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ನ್ಯೂಕ್ಲಿಯಸ್ ಪಾಠ ಬಂದರೆ ಚೆರ್ನೋಬಿಲ್ ಪ್ರಶ್ನೆ ಬಂದೇ ಬರುತ್ತದೆ. ಈ ಸಲ ಒಬ್ಬ ಹುಡುಗ ಒಂದು ಸುದ್ದಿ ತೋರಿಸಿದ. "ಚೆರ್ನೋಬಿಲ್ ಗುರಾಣಿ ಇನ್ನು ವಿಕಿರಣ ತಡೆಯುವುದಿಲ್ಲ, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಎಚ್ಚರಿಕೆ" ಅಂತ ಅದರಲ್ಲಿತ್ತು. ಉಕ್ರೇನ್‌ನಲ್ಲಿ 1986ರಲ್ಲಿ ಸ್ಫೋಟಿಸಿದ ರಿಯಾಕ್ಟರ್ ಮೇಲೆ ಮುಚ್ಚಿರುವ ಉಕ್ಕಿನ ಕಮಾನೇ ಆ ಗುರಾಣಿ. ಅದಕ್ಕೆ ಡ್ರೋನ್ ಬಡಿದದ್ದು 2025ರ ಫೆಬ್ರವರಿಯಲ್ಲಿ. ಆಗ "ವಿಕಿರಣ ಮಟ್ಟ ಸಹಜವಾಗಿದೆ" ಎಂದಿದ್ದರು. ಡಿಸೆಂಬರ್‌ನಲ್ಲಿ ಅದೇ ಸಂಸ್ಥೆ "ಮುಖ್ಯ ಸುರಕ್ಷತಾ ಕೆಲಸವನ್ನೇ ಕಳೆದುಕೊಂಡಿದೆ" ಎಂದಿತು. ಎರಡೂ ಒಟ್ಟಿಗೆ ನಿಜ ಆಗಲು ಹೇಗೆ ಸಾಧ್ಯ?

ಇನ್ನೊಂದು. ತೂತು ಸುಮಾರು 15 ಚದರ ಮೀಟರ್ ಅಂತೆ. ನಮ್ಮ ಸ್ಟಾಫ್ ರೂಮ್‌ಗಿಂತ ಚಿಕ್ಕದು. 36,000 ಟನ್‌ನ ಕಮಾನು ಕಟ್ಟಿ, ಪಕ್ಕದಿಂದ ತಳ್ಳಿಕೊಂಡು ಬಂದು ಮುಚ್ಚಿದವರಿಗೆ ಇಷ್ಟು ತೂತು ಮುಚ್ಚಲು ಏನು ಕಷ್ಟ? ಅಥವಾ ಇಡೀ ಜಾಗಕ್ಕೆ ಕಾಂಕ್ರೀಟ್ ಸುರಿದು ಕೈ ತೊಳೆದುಕೊಳ್ಳಬಾರದಾ? ಗೊತ್ತಿರುವವರು ಬಿಡಿಸಿ ಹೇಳಿ. ದಯವಿಟ್ಟು ಯೂಟ್ಯೂಬ್ ಲಿಂಕ್ ಹಾಕಬೇಡಿ.

ಸುಮ್ನೆ ಓದುಗ:

ಎರಡೂ ಕಡೆಯವರು ಸುಳ್ಳು ಹೇಳುತ್ತಿದ್ದಾರೆ ಸಾರ್. ಯುದ್ಧ ಮುಗಿಯುವವರೆಗೆ ಯಾವುದನ್ನೂ ನಂಬಬೇಡಿ.

ಗಾಳಿ ಲೆಕ್ಕ:

ಮೇಷ್ಟ್ರೇ, ಎರಡೂ ನಿಜ. ಸ್ವಲ್ಪ ಉದ್ದ ಬರೆಯುತ್ತೇನೆ, ಕಾಫಿ ಇಟ್ಟುಕೊಳ್ಳಿ.

ನಾನು ಅಣುಶಕ್ತಿಯವನಲ್ಲ. ಔಷಧಿ ಕಾರ್ಖಾನೆಗಳ ಕ್ಲೀನ್ ರೂಮ್‌ಗಳಿಗೆ ಗಾಳಿ ವ್ಯವಸ್ಥೆ ಮಾಡುವವನು. ಜಿಗಣಿ, ಬೊಮ್ಮಸಂದ್ರ, ನಂಜನಗೂಡು ಕಡೆ ಓಡಾಡಿಕೊಂಡಿರುತ್ತೇನೆ. ಯಾವ ಕೋಣೆಯ ಗಾಳಿ ಯಾವ ಕೋಣೆಗೆ ಹೋಗಬೇಕು, ತೇವ ಎಷ್ಟಿರಬೇಕು, ಬಾಗಿಲು ತೆರೆದಾಗ ಒತ್ತಡ ಎಷ್ಟು ಬೀಳುತ್ತದೆ, ಇದೇ ನನ್ನ ಹೊಟ್ಟೆಪಾಡು. ಆ ಕಣ್ಣಿನಿಂದಲೇ ಈ ಕಮಾನನ್ನು ವರ್ಷಗಟ್ಟಲೆ ಹಿಂಬಾಲಿಸಿಕೊಂಡು ಬಂದಿದ್ದೇನೆ. ಫೋಟೊ ನೋಡಿದವರು ಉಕ್ಕು ನೋಡುತ್ತಾರೆ. ನಾನು ಅದರ ಡಕ್ಟ್, ಅಂದರೆ ಗಾಳಿ ಕೊಳವೆ, ಹುಡುಕುತ್ತೇನೆ.

ಮೊದಲು ಆ ಹೆಡ್‌ಲೈನ್. ಈ ಕಮಾನು ಗಾಮಾ ಕಿರಣ ತಡೆಯಲು ಕಟ್ಟಿದ್ದೇ ಅಲ್ಲ. ತೆಳ್ಳಗಿನ ಹೊದಿಕೆಯ ಹಾಳೆಗೆ ಗಾಮಾ ನಿಲ್ಲುತ್ತದೆಯೇ? ಅದು ನಿಮಗೇ ಚೆನ್ನಾಗಿ ಗೊತ್ತು. ಕಿರಣವನ್ನು ಒಂದಿಷ್ಟು ಹಿಡಿದಿಟ್ಟಿರುವುದು ಒಳಗಿನ ಅವಶೇಷ ಮತ್ತು 1986ರಲ್ಲಿ ಸುರಿದ ಕಾಂಕ್ರೀಟ್. ಕಮಾನಿನ ಕೆಲಸ ಬೇರೆ. ಮಳೆ, ಹಿಮ ಒಳಗೆ ಬರಬಾರದು. ದೂಳು ಹೊರಗೆ ಹೋಗಬಾರದು. ಆ ಮರೆಯಲ್ಲಿ ರಿಮೋಟ್ ಕ್ರೇನ್‌ಗಳಿಂದ ಹಳೇ ಕಟ್ಟಡವನ್ನು ಬಿಚ್ಚಬೇಕು. ತೂತು ಬಿದ್ದರೂ ಹೊರಗಿನ ಮೀಟರ್ ಏರಲಿಲ್ಲ, ಯಾಕೆಂದರೆ ದೂಳು ಮೇಲೇಳುವಂಥದ್ದು ಒಳಗೆ ಏನೂ ಬೀಳಲಿಲ್ಲ. ಆದರೆ ನಾಳೆ ಏನಾದರೂ ಬಿದ್ದರೆ ಹಿಡಿದಿಡುವ ವ್ಯವಸ್ಥೆ ಈಗ ಇಲ್ಲ. ಸಹಜ ಮಟ್ಟ ಅನ್ನುವುದು ಇವತ್ತಿನ ರೀಡಿಂಗ್. ಸುರಕ್ಷತೆ ಹೋಯಿತು ಅನ್ನುವುದು ನಾಳೆಯ ಲೆಕ್ಕ. ಸುಳ್ಳು ಎಲ್ಲಿ ಬಂತು?

ಈಗ ಒಳಗಿನ ವಿಷಯ. ಕಮಾನು 108 ಮೀಟರ್ ಎತ್ತರ, 257 ಮೀಟರ್ ಅಗಲ, 162 ಮೀಟರ್ ಉದ್ದ. ಆದರೆ ಅದು ಒಂದು ಚಿಪ್ಪಲ್ಲ, ಎರಡು. ಹೊರ ಹೊದಿಕೆ, ಒಳ ಹೊದಿಕೆ, ನಡುವೆ ಸುಮಾರು 12 ಮೀಟರ್ ಖಾಲಿ ಜಾಗ. ಉಕ್ಕಿನ ಕೊಳವೆಗಳ ಇಡೀ ಅಸ್ಥಿಪಂಜರ ಇರುವುದು ಆ ನಡುವಿನ ಜಾಗದಲ್ಲೇ. 100 ವರ್ಷ ಬಾಳಬೇಕು ಎಂದು ವಿನ್ಯಾಸ. ಉಕ್ಕು 100 ವರ್ಷ ಬಾಳಬೇಕಾದರೆ ಆಗಾಗ ಬಣ್ಣ ಹೊಡೆಯಬೇಕು, ಅಲ್ವಾ? ಇಲ್ಲಿ ಕೆಳಗೆ ಒಡೆದ ರಿಯಾಕ್ಟರ್. ಪೇಂಟರ್‌ಗಳನ್ನು ತಿಂಗಳುಗಟ್ಟಲೆ ಮೇಲೆ ನಿಲ್ಲಿಸಲು ಆಗುವುದಿಲ್ಲ.

ಹಾಗಾಗಿ ಅವರು ತುಕ್ಕನ್ನು ಗಾಳಿಯಿಂದಲೇ ತಡೆದರು. ನಡುವಿನ ಜಾಗಕ್ಕೆ ಒಣಗಿಸಿದ ಗಾಳಿ ಊದುತ್ತಲೇ ಇರುವುದು, ಸಾಪೇಕ್ಷ ತೇವಾಂಶವನ್ನು 40%ರ ಒಳಗೆ ಇಡುವುದು. ಅಷ್ಟು ಒಣಗಿದ ಗಾಳಿಯಲ್ಲಿ ಉಕ್ಕಿಗೆ ತುಕ್ಕು ಹಿಡಿಯುವುದು ತೀರಾ ಕಮ್ಮಿ. ಜೊತೆಗೆ ಆ ಜಾಗದ ಒತ್ತಡವನ್ನು ಒಳಗಿನದಕ್ಕಿಂತಲೂ ಹೊರಗಿನದಕ್ಕಿಂತಲೂ ಸ್ವಲ್ಪ ಜಾಸ್ತಿ ಇಟ್ಟರು. ಎಲ್ಲಾದರೂ ಸಂದಿ ಇದ್ದರೆ ನಡುವಿನ ಶುದ್ಧ ಗಾಳಿ ಒಳಗೆ ಹೋಗಬೇಕೇ ಹೊರತು, ಒಳಗಿನ ದೂಳಿನ ಗಾಳಿ ನಡುವಿಗೆ ಬರಬಾರದು. ನಾನು ಮಾತ್ರೆ ತಯಾರಿಸುವ ಕೋಣೆಗೂ ಕಾರಿಡಾರ್‌ಗೂ ನಡುವೆ ಮಾಡುವುದು ಇದೇ. ನನ್ನದು ಒಂದು ಮಹಡಿ, ಇದು ಒಂದು ಬೆಟ್ಟ, ಅಷ್ಟೇ ವ್ಯತ್ಯಾಸ. ಇದನ್ನು ಯೋಚಿಸಿದ ಪುಣ್ಯಾತ್ಮರಿಗೆ ನನ್ನ ದೊಡ್ಡ ನಮಸ್ಕಾರ.

ಇದೆಲ್ಲ ನಿಂತಿರುವುದು ಒಂದೇ ಒಂದು ಷರತ್ತಿನ ಮೇಲೆ. ಹೊದಿಕೆ ಗಾಳಿ ಬಿಡಬಾರದು.

2025ರ ಫೆಬ್ರವರಿ 14ರ ನಡುರಾತ್ರಿ ಸಿಡಿತಲೆ ಇದ್ದ ಡ್ರೋನ್ ಬಡಿಯಿತು. ಹೊರ ಹೊದಿಕೆ ತೂತಾಯಿತು, ಒಳ ಹೊದಿಕೆಗೂ ಪೆಟ್ಟು ಬಿತ್ತು. ಅಷ್ಟಕ್ಕೇ ನಿಂತಿದ್ದರೆ ನಿಮ್ಮ ತಗಡಿನ ಉಪಾಯ ನಡೆಯುತ್ತಿತ್ತೇನೋ. ಆದರೆ ಹೊದಿಕೆಯ ಪದರದೊಳಗೆ ಬೆಂಕಿ ಹತ್ತಿಕೊಂಡಿತು. ಜ್ವಾಲೆ ಅಲ್ಲ, ಒಳಗೊಳಗೇ ಕನಲುವ ಬೆಂಕಿ. ಒಂದು ಕಡೆ ಆರಿಸಿದರೆ ಇನ್ನೊಂದು ಕಡೆ ಬಿಸಿ ಕಾಣುತ್ತಿತ್ತು. ಪೂರ್ತಿ ಆರಿದೆ ಎಂದು ಹೇಳಿದ್ದು ಮಾರ್ಚ್ 7ಕ್ಕೆ, ಮೂರು ವಾರ ಆದ ಮೇಲೆ. ಆ ಬೆಂಕಿ ಇರುವ ಕಡೆ ತಲುಪಲು ಅಗ್ನಿಶಾಮಕದವರು ಚಳಿಗಾಲದಲ್ಲಿ ಕಮಾನಿನ ಮೇಲೆ ಹತ್ತಿ ಹೊರ ಹೊದಿಕೆಯನ್ನು ಕತ್ತರಿಸುತ್ತಾ ಹೋದರು. ಸುಮಾರು 330 ಕಡೆ ಕತ್ತರಿಸಿದ್ದಾರೆ. ಅವರನ್ನು ಬಯ್ಯುವ ಹಾಗೇ ಇಲ್ಲ, ಬೇರೆ ದಾರಿ ಇರಲಿಲ್ಲ.

ನೀವು ಕೇಳಿದ 15 ಚದರ ಮೀಟರ್ ತೂತು ಫೋಟೊದಲ್ಲಿ ಕಾಣುವ ತೂತು. ಲೆಕ್ಕಕ್ಕೆ ಬರುವುದು ಆ 330 ಮತ್ತು ಅವುಗಳ ನಡುವೆ ಸುಟ್ಟುಹೋದ ಪದರ. ಈಗ ಎಷ್ಟು ಒಣ ಗಾಳಿ ಊದಿದರೂ ಒತ್ತಡ ನಿಲ್ಲುವುದಿಲ್ಲ. ಹೊರಗಿನ ತೇವ ನಡುವಿಗೆ ಬರುತ್ತದೆ. ತೇವ ಬಂದರೆ ತುಕ್ಕು. ಡಿಸೆಂಬರ್‌ನ ವರದಿಯಲ್ಲಿ ಇನ್ನೊಂದು ಮಾತೂ ಇತ್ತು, ನಿಮ್ಮ ಹುಡುಗ ತೋರಿಸಿದ ಹೆಡ್‌ಲೈನ್‌ನಲ್ಲಿ ಅದು ಬರಲಿಲ್ಲ: ಭಾರ ಹೊರುವ ಚೌಕಟ್ಟಿಗೆ ಶಾಶ್ವತ ಹಾನಿ ಆಗಿಲ್ಲ, ನಿಗಾ ವ್ಯವಸ್ಥೆಗೂ ಆಗಿಲ್ಲ. ಅಂದರೆ ಕಮಾನು ನಾಳೆ ಬೀಳುವುದಿಲ್ಲ. 100 ವರ್ಷ ಬಾಳಬೇಕಾದದ್ದರ ಆಯುಸ್ಸು ಕರಗಲು ಶುರುವಾಗಿದೆ. ಅದು ಎಷ್ಟು ಬೇಗ ಎನ್ನುವುದು ತೂತುಗಳನ್ನು ಎಷ್ಟು ಬೇಗ ಗಾಳಿಯಾಡದಂತೆ ಮುಚ್ಚುತ್ತಾರೆ ಎನ್ನುವುದರ ಮೇಲೆ ನಿಂತಿದೆ.

ಚಾವಣಿಯ ಮೇಲೆ ಅಲ್ಲಲ್ಲಿ ತಾತ್ಕಾಲಿಕ ರಿಪೇರಿ ಆಗಿದೆ. ಅದು ಮಳೆಗೆ ಸಾಕು. ಗಾಳಿಗೆ ಸಾಲದು.

ಕಡವಾಡದ ಸಿವಿಲ್:

ಗಾಳಿ ಲೆಕ್ಕದವರು ಕಮಾನು ಹೇಳಿದರು. ನಾನು ಕೆಳಗಿನದ್ದು ಹೇಳುತ್ತೇನೆ, ಭಯ ಇರುವುದು ಅಲ್ಲಿ.

1986ರ ಏಪ್ರಿಲ್ 26ಕ್ಕೆ ಸ್ಫೋಟ. ನವೆಂಬರ್‌ಗೆ ಹಳೇ ಸಾರ್ಕೋಫಗಸ್, ಅಂದರೆ ಒಡೆದ ರಿಯಾಕ್ಟರ್ ಮುಚ್ಚಲು ಕಟ್ಟಿದ ಕಾಂಕ್ರೀಟ್-ಉಕ್ಕಿನ ಕಟ್ಟಡ, ಮುಗಿದಿತ್ತು. 206 ದಿನ. 4 ಲಕ್ಷ ಘನ ಮೀಟರ್‌ಗೂ ಜಾಸ್ತಿ ಕಾಂಕ್ರೀಟ್, 7,000 ಟನ್‌ಗೂ ಮೇಲೆ ಉಕ್ಕು. ಸೈಟ್ ನಡೆಸಿದವರಿಗೆ ಗೊತ್ತು ಇದು ಎಂಥ ವೇಗ ಅಂತ. ಆದರೆ ಹೇಗೆ ಕಟ್ಟಿದರು? ಹತ್ತಿರ ನಿಂತು ಬೆಸುಗೆ ಹಾಕಲು ಆಗುತ್ತಿರಲಿಲ್ಲ. ದೂರದಿಂದ ಕ್ರೇನ್‌ನಲ್ಲಿ ತೊಲೆಗಳನ್ನು ಎತ್ತಿ ಇಟ್ಟರು. ಇಟ್ಟರು ಅಷ್ಟೇ. ಎಷ್ಟೋ ಕಡೆ ಬೋಲ್ಟ್ ಇಲ್ಲ, ವೆಲ್ಡಿಂಗ್ ಇಲ್ಲ. ಆ ತೊಲೆಗಳು ಕೂತಿದ್ದು ಸ್ಫೋಟದಲ್ಲಿ ಅಲುಗಾಡಿದ್ದ ಹಳೇ ಗೋಡೆಗಳ ಮೇಲೆ. ಒಳಗೆ ಏನಿದೆ ಎಂದು ಪೂರ್ತಿ ನೋಡಲೂ ಆಗದೆ ಕಟ್ಟಿದ ಇಸ್ಪೀಟ್ ಎಲೆಯ ಮನೆ ಅದು. 20-30 ವರ್ಷ ತಡೆದರೆ ಸಾಕು ಎಂದುಕೊಂಡಿದ್ದರು. ಪಶ್ಚಿಮದ ಗೋಡೆಯನ್ನು ಆಮೇಲೆ ಉಕ್ಕಿನ ಆಸರೆ ಕೊಟ್ಟು ನಿಲ್ಲಿಸಬೇಕಾಯಿತು. 2008ಕ್ಕೆ ಆ ಕೆಲಸ ಮುಗಿಯಿತು, 15 ವರ್ಷಕ್ಕೆ ಅಂತ ಲೆಕ್ಕ. 2013ರ ಫೆಬ್ರವರಿಯಲ್ಲಿ ಪಕ್ಕದ ಟರ್ಬೈನ್ ಹಾಲ್ ಚಾವಣಿಯ ಸುಮಾರು 600 ಚದರ ಮೀಟರ್ ಹಿಮದ ಭಾರಕ್ಕೆ ಕುಸಿದಿತ್ತು. ಕಮಾನು ಕಟ್ಟುತ್ತಿದ್ದವರನ್ನು ಆಗ ಹೊರಗೆ ಕಳಿಸಿದರು.

ಒಳಗೆ ಇನ್ನೊಂದು ಇದೆ. ರಿಯಾಕ್ಟರ್‌ನ ಮೇಲಿನ ಮುಚ್ಚಳ, ಸುಮಾರು 2,000 ಟನ್. ಅಲ್ಲಿಯವರು ಅದನ್ನು 'ಎಲೆನಾ' ಎನ್ನುತ್ತಾರೆ. ಸ್ಫೋಟಕ್ಕೆ ಹಾರಿ ತಿರುಗಿ, ರಿಯಾಕ್ಟರ್ ಕೂತಿದ್ದ ಬಾವಿಯ ಬಾಯಿಗೆ ಅಡ್ಡಡ್ಡ ಸಿಕ್ಕಿಕೊಂಡು ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ. ಹಳೇ ಚಾವಣಿ ಕುಸಿದರೆ, ಅಥವಾ ಈ ಮಹಾತಾಯಿ ಜಾರಿದರೆ ಏಳುವ ದೂಳೇ ಸಮಸ್ಯೆ. ಕಮಾನು ಗಟ್ಟಿ ಇದ್ದಾಗ ಆ ದೂಳು ಒಳಗೇ ಕೂರುತ್ತಿತ್ತು.

ನಮ್ಮ ಕಡೆ ಕೈಗಾ ಇರುವುದರಿಂದ ನನಗೆ ಈ ವಿಷಯದಲ್ಲಿ ಆಸಕ್ತಿ ಶುರುವಾದದ್ದು. 1994ರ ಮೇ 13ರಂದು ಕೈಗಾ 1ನೇ ಘಟಕದ ಒಳ ಗುಮ್ಮಟದ ಕಾಂಕ್ರೀಟ್ ಪದರ ಕಳಚಿ ಬಿದ್ದಿತ್ತು. ಇನ್ನೂ ಇಂಧನ ಹಾಕಿರಲಿಲ್ಲ, ಕಟ್ಟುವ ಹಂತ. ಕೆಲಸಗಾರರಿಗೆ ಗಾಯವಾಯಿತು. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿ, ಎರಡು ಘಟಕಗಳೂ 2000ದಲ್ಲಿ ಕೆಲಸ ಶುರು ಮಾಡಿದವು. ಹೇಳಬೇಕಾದದ್ದು ಏನೆಂದರೆ, ಕೈಗಾದಲ್ಲಿ ಎರಡು ಗೋಡೆಯ ಕಾಂಕ್ರೀಟ್ ಗುಮ್ಮಟ ರಿಯಾಕ್ಟರ್ ಶುರುವಾಗುವ ಮೊದಲೇ ಇರುತ್ತದೆ. ತಪ್ಪಾದರೆ ಕೈಯಿಂದ ಮುಟ್ಟಿ ಸರಿ ಮಾಡಬಹುದು. ಚೆರ್ನೋಬಿಲ್‌ನಲ್ಲಿದ್ದ ಆರ್‌ಬಿಎಂಕೆ ಎನ್ನುವ ಸೋವಿಯತ್ ಮಾದರಿಯ ರಿಯಾಕ್ಟರ್‌ನ ನೆತ್ತಿಯ ಮೇಲೆ ಇದ್ದದ್ದು ಫ್ಯಾಕ್ಟರಿಗೆ ಹಾಕುವಂಥ ಸಾಮಾನ್ಯ ಚಾವಣಿ. ಅನಾಹುತ ಆದ ಮೇಲೆ ಮುಚ್ಚಳ ಹುಡುಕುವ ಕೆಲಸ ಇನ್ನೂ ಮುಗಿದಿಲ್ಲ.

ಕಾಂಕ್ರೀಟ್ ಸುರಿದು ಮುಚ್ಚುವ ಮಾತು ಬಿಡಿ ಮೇಷ್ಟ್ರೇ. ಕೆಳಗಿನ ಗೋಡೆಗೆ ಆ ಭಾರ ತಡೆಯುವ ಶಕ್ತಿ ಇಲ್ಲ. ಒಳಗಿನ ಇಂಧನ ತೆಗೆಯುವ ದಾರಿಯೂ ಕೊನೆಗೆ ಮುಚ್ಚಿಹೋಗುತ್ತದೆ.

ತಿಪಟೂರು ಮೇಷ್ಟ್ರು:

ಇಬ್ಬರಿಗೂ ವಂದನೆ. ಸ್ಟಾಫ್ ರೂಮ್‌ನಲ್ಲಿ ಓದಿ ಹೇಳಿದೆ, ಕೆಮಿಸ್ಟ್ರಿಯವರು ತುಕ್ಕಿನ ಭಾಗವನ್ನು ಪಾಠಕ್ಕೆ ಬರೆದುಕೊಂಡರು.

ನನ್ನ ವಿಷಯದ ಕಡೆಯಿಂದ ಒಂದು ಸೇರಿಸುತ್ತೇನೆ. ಸುಮಾರು 190 ಟನ್ ಇಂಧನ ಇತ್ತು, ಅದರ ಬಹುಪಾಲು ಇನ್ನೂ ಅಲ್ಲೇ ಇದೆ. ಮರಳು, ಕಾಂಕ್ರೀಟ್, ಉಕ್ಕಿನ ಜೊತೆ ಕರಗಿ ಲಾವಾದ ಹಾಗೆ ಹರಿದು ನೆಲಮಾಳಿಗೆಯಲ್ಲಿ ಗಟ್ಟಿಯಾಗಿದೆ. 'ಆನೆಯ ಪಾದ' ಎಂದು ಹೆಸರು ಪಡೆದ ಗಡ್ಡೆ ಅದೇ. ಅದೇನೂ ಮತ್ತೆ ಕರಗಿ ಹರಿಯುವುದಿಲ್ಲ, ಕ್ಷಯದ ಶಾಖ ಈಗ ತೀರಾ ಕಮ್ಮಿ. ಸೀಸಿಯಂ-137ರ ಅರ್ಧಾಯು 30 ವರ್ಷ, ಹಾಗಾಗಿ ಅದು ಅರ್ಧಕ್ಕಿಂತ ಕೆಳಗೆ ಇಳಿದಿದೆ. ಆದರೆ ಪ್ಲುಟೋನಿಯಂ-241 ಕ್ಷಯಿಸಿ ಅಮೆರಿಸಿಯಂ-241 ಆಗುತ್ತದೆ, ಅದರ ಅರ್ಧಾಯು 432 ವರ್ಷ. ಅದು ಆಲ್ಫಾ ಬಿಡುವ ಪದಾರ್ಥ. ಚರ್ಮದ ಹೊರಗಿದ್ದರೆ ದೊಡ್ಡ ವಿಷಯ ಅಲ್ಲ, ಉಸಿರಿನ ಜೊತೆ ದೂಳಾಗಿ ಒಳಗೆ ಹೋದರೆ ಕಷ್ಟ. ನೀವು ದೂಳು ದೂಳು ಎನ್ನುತ್ತಿದ್ದದ್ದು ಯಾಕೆ ಎಂದು ಈಗ ಕೂಡಿಕೊಂಡಿತು.

ನೀರಿನ ವಿಷಯ ಇನ್ನೂ ಸೊಗಸಾಗಿದೆ. ಕಮಾನು ಬಂದು ಮಳೆ ಸೋರುವುದು ನಿಂತ ಮೇಲೆ 305/2 ಎನ್ನುವ ನೆಲಮಾಳಿಗೆ ಕೋಣೆಯಲ್ಲಿ ನ್ಯೂಟ್ರಾನ್ ಎಣಿಕೆ ನಿಧಾನಕ್ಕೆ ಏರಿದ್ದು 2021ರಲ್ಲಿ ಸುದ್ದಿಯಾಗಿತ್ತು. ನೀರು ನ್ಯೂಟ್ರಾನ್‌ಗಳ ವೇಗ ತಗ್ಗಿಸುತ್ತದೆ, ನಿಧಾನವಾದವು ಇಂಧನವನ್ನು ಸುಲಭವಾಗಿ ಒಡೆಯುತ್ತವೆ; ಜೊತೆಗೆ ನೀರು ಕೆಲವನ್ನು ನುಂಗುತ್ತದೆ. ಎಷ್ಟು ನೀರಿದೆ ಎನ್ನುವುದರ ಮೇಲೆ ಯಾವುದು ಗೆಲ್ಲುತ್ತದೆ ಎಂದು ತೀರ್ಮಾನ. ಒಣಗಿದರೂ ಲೆಕ್ಕ ಬದಲು, ಮತ್ತೆ ಒದ್ದೆಯಾದರೂ ಬದಲು. ಇದು ಬಾಂಬ್ ಆಗುವ ಮಾತಲ್ಲ. ಆದರೂ ಒಳಗಿನ ತೇವವನ್ನು ನಮ್ಮ ಹಿಡಿತದಲ್ಲಿ ಇಟ್ಟುಕೊಳ್ಳುವುದು ಬರೀ ತುಕ್ಕಿನ ಪ್ರಶ್ನೆ ಅಲ್ಲ ಎಂದು ಅನಿಸಿತು.

ಕೊನೆಯ ಪ್ರಶ್ನೆ. ಹಳಿ ಮೇಲೆ ತಳ್ಳಿಕೊಂಡು ಬಂದದ್ದು ತಾನೇ? ವಾಪಸ್ ತಳ್ಳಿ, ದೂರದಲ್ಲಿ ನಿಲ್ಲಿಸಿ ರಿಪೇರಿ ಮಾಡಬಾರದಾ?

ಕೀವ್ ಬಿಟ್ಟು ಬಂದವಳು:

ಎಂಬಿಬಿಎಸ್‌ಗೆ ಕೀವ್‌ನಲ್ಲಿದ್ದಾಗ ಕ್ಲಾಸಿನವರ ಜೊತೆ ಅಲ್ಲಿಗೆ ಹೋಗಿದ್ದೆ. ಆಗ ಯಾರು ಬೇಕಾದರೂ ಟೂರ್ ಹೋಗಬಹುದಿತ್ತು. ಸ್ಫೋಟವಾದ 4ನೇ ಘಟಕದ ಎದುರಿನ ಸ್ಮಾರಕದ ಹತ್ತಿರ ನಿಲ್ಲಿಸುತ್ತಿದ್ದರು, ಎದುರಿಗೇ ಕಮಾನು. ನಾನು ಹೆದರಿಕೊಂಡೇ ಹೋಗಿದ್ದೆ. ಆದರೆ ಅಲ್ಲಿ ವಿಕಿರಣ ಅಳೆಯುವ ಡೋಸಿಮೀಟರ್ ಸುಮ್ಮನಿತ್ತು. ಕೊಪಾಚಿ ಎಂಬ ಹಳ್ಳಿಯ ಹಳೇ ಶಿಶುವಿಹಾರದ ಅಂಗಳದಲ್ಲಿ, ಬರೀ ಮಣ್ಣಿನ ಹತ್ತಿರ, ಕಿರುಚಿಕೊಂಡಿತು. ಕಮಾನಿಗಿಂತ ನೆಲಕ್ಕೆ ಹೆದರಬೇಕು ಅಂತ ಗೈಡ್ ನಗುತ್ತಿದ್ದರು.

ಈ ಚರ್ಚೆಯಲ್ಲಿ ಯಾರೂ ಕೆಲಸದವರ ಬಗ್ಗೆ ಬರೆಯಲಿಲ್ಲ. ಅದಕ್ಕೆ ಬರೆದೆ. ಸ್ಥಾವರದವರು ಇರುವುದು ಸ್ಲಾವುಟಿಚ್ ಊರಲ್ಲಿ. 2022ರ ಫೆಬ್ರವರಿ 24ಕ್ಕೆ ರಷ್ಯಾದ ಸೇನೆ ಬಂದಾಗ ಪಾಳಿಯಲ್ಲಿದ್ದವರು ಮೂರು ವಾರಕ್ಕೂ ಜಾಸ್ತಿ ಮನೆಗೆ ಹೋಗಲಿಲ್ಲ. ಮಾರ್ಚ್ 20ರ ಹೊತ್ತಿಗೆ ಪಾಳಿ ಬದಲಾಯಿತು. ಆ ನಡುವೆ ಹಲವು ದಿನ ಹೊರಗಿನ ಕರೆಂಟ್ ಕೂಡ ಇರಲಿಲ್ಲ. ಮತ್ತೆ 2025ರ ಅಕ್ಟೋಬರ್‌ನಲ್ಲಿ ಸ್ಲಾವುಟಿಚ್ ಸಬ್‌ಸ್ಟೇಷನ್ ಮೇಲೆ ದಾಳಿ ಆಗಿ ಕಮಾನಿಗೇ ಗಂಟೆಗಟ್ಟಲೆ ಕರೆಂಟ್ ಹೋಯಿತು. ಗಾಳಿ ಊದುವ ಯಂತ್ರ ಅಂತ ನೀವು ಹೇಳಿದಿರಲ್ಲ, ಕರೆಂಟ್ ಇಲ್ಲದಿದ್ದರೆ ಅದು ಏನಾಗುತ್ತದೆ?

ಗಾಳಿ ಲೆಕ್ಕ:

ಮೇಡಂ, ಕೆಲವು ಗಂಟೆ ನಿಂತರೆ ಉಕ್ಕಿಗೆ ಏನೂ ಆಗುವುದಿಲ್ಲ. ತುಕ್ಕಿಗೆ ತಿಂಗಳು, ವರ್ಷದ ಲೆಕ್ಕ. ಒತ್ತಡದ ವ್ಯತ್ಯಾಸ ಮಾತ್ರ ಫ್ಯಾನ್ ನಿಂತ ಕೂಡಲೇ ಹೋಗುತ್ತದೆ. ನನ್ನ ಕೆಲಸದಲ್ಲಿ ಫ್ಯಾನ್ ನಿಂತರೆ ಆ ಬ್ಯಾಚ್ ಎಸೆಯುತ್ತಾರೆ, ಕಥೆ ಮುಗಿಯಿತು. ಅಲ್ಲಿ ಎಸೆಯುವ ಹಾಗಿಲ್ಲ. ಕೆಲಸದವರ ಮಾತು ತಂದದ್ದು ಒಳ್ಳೆಯದಾಯಿತು, ಮೇಷ್ಟ್ರ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ.

ಕಮಾನನ್ನು ಪಕ್ಕದಲ್ಲಿ ಕಟ್ಟಿದ್ದು ಯಾಕೆ? ರಿಯಾಕ್ಟರ್ ನೆತ್ತಿಯ ಮೇಲೆ ನಿಂತು ಕಟ್ಟಿದರೆ ಒಬ್ಬೊಬ್ಬರ ಡೋಸ್ ಮಿತಿ, ಅಂದರೆ ಮೈಗೆ ತಗುಲಬಹುದಾದ ವಿಕಿರಣದ ಮಿತಿ, ಬೇಗ ಮುಗಿಯುತ್ತದೆ. ಆದ್ದರಿಂದ ದೂರದಲ್ಲಿ ಜೋಡಿಸಿ, 2016ರ ನವೆಂಬರ್‌ನಲ್ಲಿ 224 ಹೈಡ್ರಾಲಿಕ್ ಜ್ಯಾಕ್‌ಗಳಿಂದ 60 ಸೆಂಟಿಮೀಟರ್‌ನಂತೆ ತಳ್ಳುತ್ತಾ 327 ಮೀಟರ್ ತಂದರು. ಎರಡು ವಾರ ಹಿಡಿಯಿತು. ಆಮೇಲೂ ಸುಮ್ಮನೆ ಬಿಡಲಿಲ್ಲ. ಎರಡು ತುದಿಯ ಗೋಡೆಗಳನ್ನು ಹಳೇ ಕಟ್ಟಡದ ಆಕಾರಕ್ಕೆ ತಕ್ಕಂತೆ ಕೂಡಿಸಿ, ಸಂದಿ ಮುಚ್ಚಿ, ವೈರಿಂಗ್, ಡಕ್ಟ್, ಕ್ರೇನ್ ಎಲ್ಲ ಜೋಡಿಸಿ ಉಕ್ರೇನ್‌ಗೆ ಹಸ್ತಾಂತರಿಸಿದ್ದು 2019ರ ಜುಲೈನಲ್ಲಿ. ಕಮಾನಿಗೇ ಸುಮಾರು 150 ಕೋಟಿ ಯೂರೊ ಖರ್ಚು, ನಲವತ್ತಕ್ಕೂ ಹೆಚ್ಚು ದೇಶಗಳ ದುಡ್ಡು. ಈಗ ವಾಪಸ್ ತಳ್ಳಬೇಕಾದರೆ ಆ ಜೋಡಣೆ ಎಲ್ಲ ಕಿತ್ತು ಹಾಕಬೇಕು. ಕಿತ್ತ ಮೇಲೆ ಕಡವಾಡದವರು ಹೇಳಿದ ಆ ಹಳೇ ಮನೆ ಬಟಾಬಯಲಲ್ಲಿ ನಿಲ್ಲುತ್ತದೆ. ಅದೂ ಡ್ರೋನ್ ಹಾರಾಡುವ ಕಾಲದಲ್ಲಿ. ನನಗಂತೂ ಇದು ಹುಚ್ಚು ಅನಿಸುತ್ತದೆ.

ಹಾಗಾದರೆ ಉಳಿದದ್ದು ಅಲ್ಲೇ, ಮೇಲೇ, ಕಮ್ಮಿ ಹೊತ್ತಿನ ಪಾಳಿಗಳಲ್ಲಿ ರಿಪೇರಿ. ತೂತಿನ ಮೇಲೆ ತಗಡು ಹೊಡೆಯುವುದು ಸುಲಭ. ಸುತ್ತಲಿನ ಸುಟ್ಟ ಪದರ ಎಲ್ಲಿಯವರೆಗೆ ಹೋಗಿದೆ ಎಂದು ಪತ್ತೆ ಮಾಡಿ, ಅದನ್ನು ತೆಗೆದು, ಬಾಗಿದ ಮೇಲ್ಮೈ ಮೇಲೆ ಗಾಳಿ ಬಿಡದ ಹಾಗೆ ಸೀಲ್ ಮಾಡಿ, ಆಮೇಲೆ ಒತ್ತಡ ಏರಿಸಿ ಸೋರಿಕೆ ಪರೀಕ್ಷೆ ಮಾಡುವುದು ಕಷ್ಟ. ಕ್ಲೀನ್ ರೂಮ್ ಸೀಲಿಂಗ್‌ನಲ್ಲಿ ಒಂದು ಲೈಟ್ ಫಿಟ್ಟಿಂಗ್ ಬದಲಿಸಿದರೂ ಸೋರಿಕೆ ಹುಡುಕಲು ಹುಡುಗರು ದಿನಗಟ್ಟಲೆ ಏಣಿ ಹತ್ತಿ ಇಳಿಯುತ್ತಾರೆ. ಇಲ್ಲಿ 330.

ಕಡವಾಡದ ಸಿವಿಲ್:

ಒಂದು ಕೇಳಬೇಕಿತ್ತು. ಹಳೇ ಕಟ್ಟಡದ ಅಭದ್ರ ತೊಲೆಗಳನ್ನು 2023ರೊಳಗೆ ಬಿಚ್ಚಬೇಕಿತ್ತು, ಅದನ್ನು 2029ಕ್ಕೆ ಮುಂದೂಡಿದ್ದಾರೆ. ಈಗ ಕಮಾನಿಗೇ ಹೀಗಾಗಿದೆ. ಅವರು ಮೊದಲು ಕಮಾನು ರಿಪೇರಿ ಮಾಡಬೇಕಾ, ಮೊದಲು ತೊಲೆ ಬಿಚ್ಚಬೇಕಾ? ಸಿವಿಲ್‌ನವನಾಗಿ ನನಗೆ ತೊಲೆ ಮೊದಲು ಅನಿಸುತ್ತದೆ. ಬೀಳುವುದೇ ಇಲ್ಲದಿದ್ದರೆ ದೂಳೂ ಇಲ್ಲ.

ಗಾಳಿ ಲೆಕ್ಕ:

ಇಲ್ಲಿ ನಿಮ್ಮ ಜೊತೆ ಜಗಳ ಮಾಡುತ್ತೇನೆ. ತೊಲೆ ಬಿಚ್ಚುವಾಗ ಬೇಕಾಗುವ ಎರಡು ದೊಡ್ಡ ಕ್ರೇನ್‌ಗಳು ತೂಗಿರುವುದು ಕಮಾನಿಗೇ, 50 ಟನ್ ಎತ್ತುವಂಥವು. ಬಿಚ್ಚುವ ಕೆಲಸ ಅಂದರೆ ಬೇಕೆಂದೇ ದೂಳು ಎಬ್ಬಿಸುವ ಕೆಲಸ. ಒತ್ತಡದ ಹಿಡಿತ ಇಲ್ಲದ ಕೋಣೆಯಲ್ಲಿ ನಾನು ಒಂದು ಚೀಲ ಪುಡಿ ಸುರಿಯಲೂ ಬಿಡುವುದಿಲ್ಲ. ಡಿಸೆಂಬರ್ ವರದಿಯಲ್ಲೂ ತೇವಾಂಶ ಹಿಡಿತ, ತುಕ್ಕಿನ ನಿಗಾ, ಪೂರ್ತಿ ರಿಪೇರಿ ಎಂದೇ ಶಿಫಾರಸು ಇದೆ. ಮೊದಲು ಹೊದಿಕೆ, ಆಮೇಲೆ ಒಣ ಗಾಳಿ, ಆಮೇಲೆ ಕ್ರೇನ್, ಕೊನೆಗೆ ನಿಮ್ಮ ತೊಲೆ.

ಆದರೆ 2029 ಹತ್ತಿರ ಬರುತ್ತಿದೆ ಎನ್ನುವ ನಿಮ್ಮ ಚಿಂತೆ ನನಗೂ ಇದೆ. ಆ ಆಸರೆ ಕೊಟ್ಟ ಗೋಡೆಗಳ ಅಲುಗಾಟವನ್ನು ಸೆನ್ಸರ್‌ಗಳು ಅಳೆಯುತ್ತಿವೆ, ಅವು ಕೆಲಸ ಮಾಡುತ್ತಿವೆ. ಸದ್ಯಕ್ಕೆ ಇರುವ ಗಟ್ಟಿ ಮಾಹಿತಿ ಅಷ್ಟೇ. ಗೋಡೆ ಎಷ್ಟು ಮಿಲಿಮೀಟರ್ ಸರಿದರೆ ಗಾಬರಿ ಆಗಬೇಕು ಎಂದು ನಿಮ್ಮಂಥವರು ಯಾರಾದರೂ ಬಿಡಿಸಿ ಬರೆದರೆ ಓದುತ್ತೇನೆ, ಅದು ನನ್ನ ಕ್ಷೇತ್ರ ಅಲ್ಲ.